ಟಿಪ್ಪೂ ಸುಲ್ತಾನನ ದಂಡೂ ಶೃಂಗೇರಿಯ ಸೂರೆಯೂ

ಯುದ್ಧಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕೋಟೆಗಳನ್ನೂ ಫಿರಂಗಿಗಳನ್ನೂ ಸೇನಾನಿಗಳ ಶೌರ್ಯವನ್ನೂ ವರ್ಣಿಸುವರು. ದಂಡಿಗೆ ಅನ್ನವಿಕ್ಕಿದವರು ಯಾರು, ಎತ್ತುಗಳಿಗೆ ಹುಲ್ಲು ಎಲ್ಲಿಂದ ಬಂದಿತು, ಸಿಪಾಯಿಯ ಸಂಬಳವನ್ನು ಯಾವ ಬೊಕ್ಕಸ ಕೊಟ್ಟಿತು ಎಂಬ ಪ್ರಶ್ನೆಗಳಿಗೆ ಅವರ ಗ್ರಂಥಗಳಲ್ಲಿ ದೊರೆಯುವ ಸ್ಥಳ ಸ್ವಲ್ಪ. ಆದರೆ ದಂಡು ಹಾದುಹೋದ ಊರಿನವರಿಗೆ ಮುಖ್ಯವಾದುವು ಈ ಪ್ರಶ್ನೆಗಳೇ. 1791ರಲ್ಲಿ ಶೃಂಗೇರಿ ಕೊಳ್ಳೆಹೋದ ಸಂಗತಿಯನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ನಮ್ಮ ವಾಚಕರು ಕೇಳದೆ ಇರಲಾರರು. ಅದನ್ನು ಕೆಲವರು ಟಿಪ್ಪೂ ಸುಲ್ತಾನನ ಔದಾರ್ಯಕ್ಕೆ ಸಾಕ್ಷಿಯೆಂದು ಎತ್ತಿಹೇಳುವರು. ಕೆಲವರು ಆತನ ರಾಜಕೀಯ ಚಾತುರ್ಯಕ್ಕೆ ಸಾಕ್ಷಿಯೆಂದು ಹೇಳುವರು. ನಾವು ಇಂದು ಆತನ ಜೀವನವನ್ನು ದಂಡಿನ ಏರ್ಪಾಡೆಂಬ ಒಂದು ಬಾಗಿಲಿನಿಂದ ಪ್ರವೇಶಿಸಿ ನೋಡಬಯಸುವೆವು. ಆಗ ಶೃಂಗೇರಿಯಲ್ಲಿ ನಡೆದುದು ಹೇಗೆ ನಡೆಯಿತೆಂಬುದು ತಾನೇ ತಿಳಿದುಬರುವುದೆಂದು ನಮ್ಮ ನಂಬಿಕೆ.

ಟಿಪ್ಪುವು 1750ರಲ್ಲಿ ದೇವನಹಳ್ಳಿಯಲ್ಲಿ ಜನಿಸಿದನು. ತಂದೆಯಾದ ಹೈದರಾಲಿಯು ಆಗ ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಒಬ್ಬ ಸೈನ್ಯಾಧಿಕಾರಿ. ಅಕ್ಷರವನ್ನರಿಯದ ಆ ತಂದೆಯು ಮಗನಿಗೆ ವಿದ್ಯೆಯನ್ನು ಹೇಳಿಸಿದನು. ಕುದುರೆ ಸವಾರಿಯನ್ನೂ ಶಸ್ತ್ರವಿದ್ಯೆಯನ್ನೂ ಕಲಿಸಿದನು. ಫ್ರೆಂಚ್ ಅಧಿಕಾರಿಗಳಿಂದ ಯೂರೋಪಿನ ಯುದ್ಧಕ್ರಮವನ್ನು ತಿಳಿಯುವ ಅವಕಾಶವನ್ನೂ ಒದಗಿಸಿದನು. 1767ರಲ್ಲಿ, ಇನ್ನೂ ಹದಿಹರೆಯದವನಾಗಿದ್ದಾಗಲೇ, ಟಿಪ್ಪುವು ರಾವುತರ ದಳವೊಂದನ್ನು ಮದರಾಸಿನ ಸೆರಗಿನವರೆಗೂ ನಡೆಸಿಕೊಂಡು ಹೋಗಿ ಕುಂಪಣಿಯವರನ್ನು ನಡುಗಿಸಿದನು.

ನಮ್ಮ ಮಲೆನಾಡಿಗೂ ಈ ಮನೆತನಕ್ಕೂ ಸಂಬಂಧವುಂಟಾದುದು 1763ರಲ್ಲಿ. ಆ ವರ್ಷ ಹೈದರನು ಕೆಳದಿಯ ಅರಸರಿಂದ ಬಿದನೂರನ್ನು ಗೆದ್ದುಕೊಂಡು ಅದಕ್ಕೆ ಹೈದರನಗರವೆಂದು ಹೆಸರಿಟ್ಟನು. ಇಂದಿನ ಹೊಸನಗರ ತಾಲ್ಲೂಕಿನ ನಗರವೇ ಅದು. ತುಂಗೆ ಭದ್ರೆಯರ ನಡುವಣ ಈ ಅಡಕೆ ಭತ್ತಗಳ ಸೀಮೆಯ ಬಹುಭಾಗ ಅದರೊಡನೆಯೇ ಮೈಸೂರಿನ ಕೈಸೇರಿತು. ಘಟ್ಟದ ಕೆಳಗಿನ ಬಂದರುಗಳಿಗೆ ದಾರಿ, ಮೆಣಸು ಅಡಕೆಗಳ ಆದಾಯ, ಮದ್ದುಗುಂಡಿನ ಉಗ್ರಾಣ, ಇವೆಲ್ಲವೂ ಬಿದನೂರಿನಲ್ಲಿ ಕೂಡಿದ್ದುವು. ಆದಕಾರಣ ಮುಂದೆ ಮೈಸೂರಿನ ಮೇಲೆ ದಂಡೆತ್ತಿದವರೆಲ್ಲರ ಕಣ್ಣೂ ಈ ಕಡೆಗೆ ತಿರುಗುತ್ತಿದ್ದುದು ಆಶ್ಚರ್ಯವಲ್ಲ.

1782ರ ಡಿಸೆಂಬರ್ 7ರಂದು ಹೈದರನು ಕಾಲವಶನಾದನು. ಮರುತಿಂಗಳೇ ಮುಂಬಯಿಯ ಕಡೆಯಿಂದ ಬಂದ ಜನರಲ್ ಮ್ಯಾಥ್ಯೂಸನು ಘಟ್ಟವನ್ನೇರಿ, ಕೋಟೆಯ ಅಧಿಕಾರಿಯು ಒಪ್ಪಿಸಿಬಿಟ್ಟ ಬಿದನೂರನ್ನು ವಶಪಡಿಸಿಕೊಂಡನು. ಟಿಪ್ಪುವು ಆಗ ಪೂರ್ವದ ಕರ್ನಾಟಕ ಸೀಮೆಯಲ್ಲಿದ್ದನು. ಅಲ್ಲಿಂದ ಪಡುವಣ ಮಲೆಗಳವರೆಗೆ ಆತನು ಸುಮಾರು ಒಂದು ತಿಂಗಳೊಳಗೆ ದಂಡನ್ನು ಫಿರಂಗಿಗಳ ಸಮೇತ ತಂದು, 1783ರ ಏಪ್ರಿಲ್ ಕೊನೆಯ ವೇಳೆಗೆ ಮ್ಯಾಥ್ಯೂಸನು ಶರಣಾಗುವಂತೆ ಮಾಡಿದನು. ಮಂಗಳೂರಿನ ಮುತ್ತಿಗೆ ನಡೆದು, 1784ರ ಮಾರ್ಚ್ 11ರ ಒಪ್ಪಂದದಿಂದ ಆ ಯುದ್ಧವು ಮುಗಿಯಿತು.

ಇಷ್ಟು ವೇಗವಾಗಿ ಫಿರಂಗಿಗಳನ್ನೆಳೆದುದು ಯಾವ ಶಕ್ತಿ? ಅದು ಎತ್ತಿನ ಶಕ್ತಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂಬ ಹೆಸರಿನಿಂದಿದ್ದ ಸರ್ಕಾರದ ಗೋಸಂಪತ್ತನ್ನು ಹೈದರನು ದಂಡಿನ ಕೆಲಸಕ್ಕೆ ಹಚ್ಚಿದನು. ಟಿಪ್ಪುವು ಅದಕ್ಕೆ ಅಮೃತಮಹಲೆಂದು ಹೆಸರಿಟ್ಟು ಒಂದು ಇಲಾಖೆಯಾಗಿ ಕ್ರಮಪಡಿಸಿದನು. ಅದಕ್ಕಾಗಿ ಕಾವಲುಗಳು ಮೀಸಲಾಗಿದ್ದುವು, ಲೆಕ್ಕಗಳಿದ್ದುವು, ಸಂಬಳದ ಆಳುಗಳಿದ್ದರು. ಹೈದರನು ಚಿದಂಬರದ ರಕ್ಷಣೆಗಾಗಿ ಎರಡೂವರೆ ದಿನಗಳಲ್ಲಿ 100 ಮೈಲಿ ನಡೆದುದೂ ಇದೇ ಎತ್ತುಗಳ ಬಲದಿಂದ. ಆ ತಳಿಯು ಇಂದಿಗೂ ಉಳಿದಿರುವುದನ್ನು ಕಾಣಬೇಕೆನ್ನುವವರು ದೂರ ಹೋಗಬೇಕಾದುದಿಲ್ಲ. ನಮ್ಮ ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದಲ್ಲಿ ಅದರ ಸಂವರ್ಧನ ಕೇಂದ್ರವಿದೆ.

ದಂಡಿನ ಉಳಿದ ಏರ್ಪಾಡೂ ಇದೇ ರೀತಿಯ ಲೆಕ್ಕದ ಕೆಲಸವಾಗಿತ್ತು. ಕವಾಯಿತು ಕಲಿತ ಕಾಲಾಳುಗಳನ್ನು ಟಿಪ್ಪುವು ಕುಷೂನುಗಳೆಂಬ ದಳಗಳಾಗಿ ವಿಭಾಗಿಸಿ, ಪ್ರತಿ ಕುಷೂನಿಗೂ ಒಬ್ಬ ಸಿಪಹದಾರನನ್ನು ನೇಮಿಸಿದನು. ಕುಷೂನಿನೊಳಗೆ ರಿಸಾಲೆಗಳು, ರಿಸಾಲೆಯೊಳಗೆ ಜೌಕುಗಳು; ಒಂದೊಂದಕ್ಕೂ ಹೊಣೆಗಾರನಾದ ಅಧಿಕಾರಿ. ಫತ್-ಉಲ್-ಮುಜಾಹಿದೀನ್ ಎಂಬ ಪಾರಸಿ ಕೈಪಿಡಿಯಲ್ಲಿ ಕವಾಯಿತಿನ ವಿಧಿಗಳನ್ನೆಲ್ಲ ಬರೆಯಿಸಿದನು. ಈ ದಳಗಳಿಗೆ ಭೂಮಿಯ ಬದಲು ಬೊಕ್ಕಸದಿಂದ ನಗದು ಸಂಬಳವು ಸಲ್ಲುತ್ತಿತ್ತು. ಅವುಗಳ ಜೊತೆಗೆ ಸರ್ಕಾರದ ರಾವುತರೂ, ಸ್ವಂತ ಕುದುರೆಗಳನ್ನು ತಂದ ಸಿಲೇದಾರರೂ, ಊರು ಕೋಟೆಗಳನ್ನು ಕಾಯುವ ಕಂದಾಚಾರದ ಬಂಟರೂ ಇದ್ದರು.

ಆ ಕಾಲದಲ್ಲಿ ವಿಮಾನದಳವೆಂಬುದಿರಲಿಲ್ಲ. ಆದರೆ ಶತ್ರುವಿನ ನೆತ್ತಿಯ ಮೇಲೆ ಆಕಾಶದಿಂದ ಬೆಂಕಿಯನ್ನು ಸುರಿಸುವ ಆಯುಧವು ಮೈಸೂರಿನವರ ಕೈಯಲ್ಲಿತ್ತು. ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ಗಿಡಿದು ಬಿದಿರ ಗಳುವಿಗೋ ಕತ್ತಿಯ ಅಲಗಿಗೋ ಕಟ್ಟಿ ಹಾರಿಸುವ ಬಾಣವೇ ಅದು. ಯೂರೋಪಿನಲ್ಲಿ ಕಾಗದದ ಕೊಳವೆಗಳಿದ್ದಾಗ ಇಲ್ಲಿ ಕಬ್ಬಿಣದವು ಇದ್ದುದರಿಂದ ಇವುಗಳ ವೇಗವೂ ದೂರವೂ ಹೆಚ್ಚು. ಒಂದೊಂದು ಕುಷೂನಿಗೂ ಸುಮಾರು 200 ಮಂದಿ ಬಾಣದವರನ್ನು ಸೇರಿಸಿದ್ದುದೇ ಟಿಪ್ಪುವಿನ ವಿಶೇಷ. ಬಿಡಿಯಾಗಿ ಹಾರುತ್ತಿದ್ದ ಬಾಣವು ಹೀಗೆ ದಂಡಿನ ಒಂದು ಅಂಗವಾಯಿತು. 2018ರಲ್ಲಿ ನಗರದ ಬಳಿಯ ಹಾಳುಬಾವಿಯೊಂದರ ಕೆಸರಿನೊಳಗಿಂದ 1,000ಕ್ಕೂ ಮೀರಿದ ಇಂತಹ ಬಾಣಗಳನ್ನು ಪ್ರಾಚ್ಯವಸ್ತು ಇಲಾಖೆಯವರು ಹೊರತೆಗೆದುದನ್ನು ವಾಚಕರು ಮರೆತಿರಲಾರರು. ಶ್ರೀರಂಗಪಟ್ಟಣದ ಪತನದ ತರುವಾಯ ಈ ಬಾಣಗಳನ್ನೇ ಮಾದರಿಯಾಗಿಟ್ಟುಕೊಂಡು ಕಾಂಗ್ರೀವನು ಇಂಗ್ಲೆಂಡಿನಲ್ಲಿ ತನ್ನ ಬಾಣಗಳನ್ನು ನಿರ್ಮಿಸಿದನು.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಪಕ್ಕವನ್ನೂ ಹೇಳದಿದ್ದರೆ ನಾವು ನಮ್ಮ ಕರ್ತವ್ಯಕ್ಕೆ ತಪ್ಪಿದವರಾಗುವೆವು. ತನ್ನ ನಾಡಿನಲ್ಲಿ ಬೊಕ್ಕಸದಿಂದ ಊಟಮಾಡುತ್ತಿದ್ದ ಈ ದಂಡು ದಂಗೆಯೆದ್ದ ಸೀಮೆಗಳಲ್ಲಿ ಬೇರೆಯಾಗಿಯೇ ನಡೆದುಕೊಂಡಿತು. ಕೊಡಗಿನಿಂದ ಹೆಂಗಸರು ಮಕ್ಕಳೆನ್ನದೆ ಕುಟುಂಬಗಳನ್ನೇ ಹಿಡಿದು ಸಾಗಿಸಿದುದು, ಮಲೆಯಾಳದಲ್ಲಿ ನಡೆದ ಬಲಾತ್ಕಾರದ ಮತಾಂತರಗಳು, ಮಂಗಳೂರು ಸೀಮೆಯ ಕ್ರೈಸ್ತರ ಸೆರೆ, ಇವುಗಳನ್ನು ಯಾವ ಅಭಿಮಾನದಿಂದಲೂ ಮರೆಮಾಚಲಾಗದು. ಅದರ ಫಲವನ್ನೂ ಆತನು ಉಂಡನು. ಕೊಡಗಿನ ದೊಡ್ಡ ವೀರರಾಜೇಂದ್ರನು ಕುಂಪಣಿಯವರ ಮಿತ್ರನಾದುದರಿಂದಲೇ ಮುಂಬಯಿಯ ದಂಡು ಕೊಡಗಿನ ಮಾರ್ಗವಾಗಿ ಮೈಸೂರಿನೊಳಕ್ಕೆ ಬರಲು ಸಾಧ್ಯವಾಯಿತು.

1789ರ ಡಿಸೆಂಬರ್ ಕೊನೆಯಲ್ಲಿ ಟಿಪ್ಪುವು ತಿರುವಾಂಕೂರಿನ ಕೋಟೆಸಾಲಿನ ಮೇಲೆ ಬಿದ್ದುದರಿಂದ ಮೂರನೆಯ ಮೈಸೂರು ಯುದ್ಧವು ಮೊದಲಾಯಿತು. ಕುಂಪಣಿ, ಹೈದರಾಬಾದಿನ ನಿಜಾಮ, ಪುಣೆಯ ಪೇಶ್ವೆ, ಈ ಮೂವರೂ 1790ರಲ್ಲಿ ಒಂದಾದರು. ಒಪ್ಪಂದವೇನೋ ಒಂದೇ, ಆದರೆ ದಂಡುಗಳು ಮೂರು ಬಗೆಯವು. ಕುಂಪಣಿಯ ದಂಡಿನಲ್ಲಿ ಬಿಳಿಯ ರೆಜಿಮೆಂಟುಗಳೂ ದೇಶೀಯ ಸಿಪಾಯಿಗಳ ಬೆಟಾಲಿಯನ್ನುಗಳೂ ಇದ್ದುವು. ತಿಂಗಳ ಸಂಬಳ, ಲಿಖಿತ ಆಜ್ಞೆ, ಮುತ್ತಿಗೆಯ ಭಾರಿ ಫಿರಂಗಿಗಳು, ಇವು ಅದರ ಬಲ. ಆದರೆ ಆ ಫಿರಂಗಿಗಳನ್ನೆಳೆಯುವ ಎತ್ತುಗಳು ಕಂಟ್ರಾಕ್ಟಿನವು. ನಿಜಾಮನ ಕಡೆಯಿಂದ 1791ರ ಏಪ್ರಿಲಿನಲ್ಲಿ ಬಂದು ಕೂಡಿದ ಸುಮಾರು 10,000 ಕುದುರೆಗಳು ಶತ್ರುವನ್ನು ತಡೆದುದಕ್ಕಿಂತಲೂ ಸ್ನೇಹಿತರ ಹುಲ್ಲನ್ನು ತಿಂದುದೇ ಹೆಚ್ಚೆಂದು ಆಂಗ್ಲ ಅಧಿಕಾರಿಗಳೇ ಹಲುಬಿದರು.

ಮರಾಠರ ಏರ್ಪಾಡು ಇವೆರಡಕ್ಕಿಂತಲೂ ಬೇರೆ. ಪೇಶ್ವೆಯು ಸರದಾರರಿಗೆ ಸರಂಜಾಮೆಂದು ಸೀಮೆಗಳನ್ನು ಬಿಟ್ಟುಕೊಡುವನು. ಸರದಾರನು ಆ ಆದಾಯದಿಂದ ಗೊತ್ತಾದಷ್ಟು ಕುದುರೆಗಳನ್ನು ಸಾಕಿ ಯುದ್ಧಕಾಲಕ್ಕೆ ತರುವನು. ಈ ದಂಡಿನ ಬೆನ್ನಿಗೆ ಪಿಂಡಾರಿಗಳೆಂಬ ಇನ್ನೊಂದು ಗುಂಪು ಇರುವುದು. ಅವರಿಗೆ ಸಂಬಳವಿಲ್ಲ. ಕೊಳ್ಳೆಯೇ ಅವರ ಜೀವನ. ಕೊಳ್ಳೆಹೊಡೆಯುವ ಅಪ್ಪಣೆಗಾಗಿ ಅವರು ದೊರೆತುದರಲ್ಲಿ ಸರದಾರನಿಗೆ ಪಾಲು ಕೊಡುವರು. ಶತ್ರುವಿನ ನಾಡಿನಲ್ಲಿ ಧಾನ್ಯವನ್ನೂ ಹುಲ್ಲನ್ನೂ ಇಲ್ಲವಾಗಿಸುವುದೂ, ತಮ್ಮ ಪಾಳೆಯಕ್ಕೆ ಸರಕನ್ನು ತರುವುದೂ ಇವರಿಂದಲೇ ಆಗುತ್ತಿತ್ತು. ಅಂದಮೇಲೆ ಇವರನ್ನು ದಂಡಿಗೆ ಸೇರದವರೆಂದು ಕೈತೊಳೆದುಕೊಳ್ಳುವುದು ಹೇಗೆ?

ಪೇಶ್ವೆಯ ಕಡೆಯ ಒಂದು ದಂಡಿನ ಅಧಿಪತಿ ಪರಶುರಾಮ ಭಾವು. ಈತನು ಪಟವರ್ಧನ ಮನೆತನದ ಬ್ರಾಹ್ಮಣ. ಮುಂದೆ ಜಮಖಂಡಿಯನ್ನಾಳಿದುದೂ ಅದೇ ಮನೆತನದ ಒಂದು ಶಾಖೆ. ಕ್ಯಾಪ್ಟನ್ ಲಿಟ್ಲನ ಕೈಕೆಳಗೆ ಮುಂಬಯಿಯ ಸಿಪಾಯಿಗಳ ಒಂದು ತುಕಡಿಯೂ ಈತನ ಜೊತೆಗಿತ್ತು. ಭಾವುವು 1790ರ ಸೆಪ್ಟೆಂಬರಿನಲ್ಲಿ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿದನು. ಟಿಪ್ಪುವಿನ ಅಧಿಕಾರಿ ಬದ್ರುಜ್ಜಮಾನ್ ಖಾನನು ಆರು ತಿಂಗಳಿಗೂ ಹೆಚ್ಚು ಕಾಲ ಕೋಟೆಯನ್ನು ಕಾದು, 1791ರ ಏಪ್ರಿಲ್ ಮೊದಲಲ್ಲಿ ಒಪ್ಪಿಸಿದನು. ಅರ್ಧ ವರ್ಷ ಒಂದೇ ಕಡೆ ಕುಳಿತ ದಂಡು ದಕ್ಷಿಣಕ್ಕೆ ಹೊರಟಾಗ ಎಷ್ಟು ಹಸಿದಿದ್ದಿತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಆ ದಂಡಿಗೆ ಸೇರಿದ ಸವಾರರೂ ಪಿಂಡಾರಿಗಳೂ ಶೃಂಗೇರಿಯ ಮೇಲೆ ಬಿದ್ದರು. ಮಠದ ಸೊತ್ತು ಕೊಳ್ಳೆಹೋಯಿತು. ಬ್ರಾಹ್ಮಣರೇ ಮೊದಲಾದ ಅನೇಕರು ಹತರಾದರು. ಶಾರದಾಂಬೆಯ ವಿಗ್ರಹವು ಸ್ಥಾನಪಲ್ಲಟವಾಯಿತು. ಆಗ ಪೀಠದಲ್ಲಿದ್ದ ಮೂರನೆಯ ಸಚ್ಚಿದಾನಂದ ಭಾರತೀ ಸ್ವಾಮಿಗಳು ಘಟ್ಟವನ್ನಿಳಿದು ಕಾರ್ಕಳವನ್ನು ಸೇರಬೇಕಾಯಿತು. ಪೇಶ್ವೆಗಳೂ ಪೂಜ್ಯಭಾವದಿಂದ ಕಾಣುತ್ತಿದ್ದ ಮಠವನ್ನು ಪೇಶ್ವೆಯ ದಂಡೇ ಸೂರೆಮಾಡಿತು. ಸೇನಾಪತಿಯ ಜಾತಿಯಾಗಲಿ ಶ್ರದ್ಧೆಯಾಗಲಿ ಸ್ಥಳದ ಪಾವಿತ್ರ್ಯವಾಗಲಿ ಅದನ್ನು ತಡೆಯಲಿಲ್ಲ. ಸಂಬಳವಿಲ್ಲದ ಸಾವಿರಾರು ಜನರನ್ನು ಕಟ್ಟಿಕೊಂಡು ಹೊರಟ ದಂಡಿಗೆ, ಐಶ್ವರ್ಯವಿದ್ದು ಕೋಟೆಯಿಲ್ಲದ ಊರು ಎದುರಾದರೆ ಇನ್ನೇನು ತಾನೆ ಆದೀತು?

ಇದೇ ಋತುವಿನಲ್ಲಿ ಕಾವೇರಿಯ ದಡದಲ್ಲಿ ನಡೆದ ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಕಾರ್ನ್‌ವಾಲಿಸನು ಮಾರ್ಚ್ 21ರ ರಾತ್ರಿ ಬೆಂಗಳೂರಿನ ಕೋಟೆಯನ್ನು ಹಿಡಿದು, ಮೇ ತಿಂಗಳಿನಲ್ಲಿ ಶ್ರೀರಂಗಪಟ್ಟಣಕ್ಕೆ ನಡೆದನು. ಟಿಪ್ಪುವು ತನ್ನ ರಾವುತರಿಂದ ದಾರಿಯ ಹಳ್ಳಿಗಳ ಮೇವನ್ನೂ ಧಾನ್ಯವನ್ನೂ ಸುಡಿಸಿದನು. ತನ್ನ ರೈತರ ಹೊಟ್ಟೆಯ ಮೇಲೆ ಹೊಡೆದೇ ಶತ್ರುವಿನ ಹೊಟ್ಟೆಯ ಮೇಲೆ ಹೊಡೆದನು. ಮೇ 15ರಂದು ಅರಕೆರೆಯ ಬಳಿ ನಡೆದ ಯುದ್ಧದಲ್ಲಿ ಕುಂಪಣಿಯವರು ಗೆದ್ದರಾದರೂ ಆ ಗೆಲುವು ಅವರಿಗೆ ದಕ್ಕಲಿಲ್ಲ. ಎತ್ತುಗಳು ಸಾಲುಸಾಲಾಗಿ ಸತ್ತುವು, ಅಕ್ಕಿ ತೀರಿತು, ಮಳೆ ಹಿಡಿಯಿತು. ಕಾರ್ನ್‌ವಾಲಿಸನು ತನ್ನ ಮುತ್ತಿಗೆಯ ಫಿರಂಗಿಗಳನ್ನು ತಾನೇ ಒಡೆಯಿಸಿ ಬೆಂಗಳೂರಿಗೆ ಹಿಂದಿರುಗಿದನು.

ಹಿಂದಿರುಗುವ ದಾರಿಯಲ್ಲಿಯೇ ಹರಿಪಂತನೂ ಪರಶುರಾಮ ಭಾವುವೂ ತಮ್ಮ ದಂಡುಗಳೊಡನೆ ಬಂದು ಕೂಡಿದರು. ಮರಾಠರ ಪಾಳೆಯದಲ್ಲಿ ತುಂಬಿದ ಪೇಟೆಯಿತ್ತು. ಧಾನ್ಯವಷ್ಟೇ ಅಲ್ಲದೆ ಕಾಶ್ಮೀರದ ಶಾಲು, ಆಂಗ್ಲ ದೇಶದ ಬನಾತು, ಬರ್ಮಿಂಗ್‌ಹ್ಯಾಮಿನ ಚಾಕುಗಳೂ ಅಲ್ಲಿ ಮಾರಾಟಕ್ಕಿದ್ದುವು. ಹಸಿದ ಗೋರಾ ಸಿಪಾಯಿಗಳು ದುಬಾರಿ ಬೆಲೆಯನ್ನು ಕೊಟ್ಟು ಕೊಂಡು ತಿಂದು ಬದುಕಿದರು. ಆಂಗ್ಲರು ಬೆರಗಾಗಿ ವರ್ಣಿಸಿದ ಈ ಪೇಟೆಗೆ ಸರಕು ಬರುತ್ತಿದ್ದ ದಾರಿಗಳು ಎರಡು: ಒಂದು ಕ್ರಯ, ಇನ್ನೊಂದು ಕೊಳ್ಳೆ. ಲಾರ್ಡ್ ಕಾರ್ನ್‌ವಾಲಿಸನ ದಂಡನ್ನು ಉಳಿಸಿದ ಏರ್ಪಾಡೂ ಶೃಂಗೇರಿಯನ್ನು ಹಾಳುಮಾಡಿದ ಏರ್ಪಾಡೂ ಬೇರೆಬೇರೆಯಲ್ಲ.

ಸೂರೆಯ ಸುದ್ದಿಯು ಸ್ವಾಮಿಗಳಿಂದ ಟಿಪ್ಪುವಿಗೆ ಮುಟ್ಟಿತು. ಆತನು ಜಗದ್ಗುರುಗಳಿಗೆ ವಿನಯದಿಂದ ಉತ್ತರವನ್ನು ಬರೆಯಿಸಿ, ಪುನಃಪ್ರತಿಷ್ಠೆಗಾಗಿ 200 ರಹತಿ ನಗದನ್ನೂ ಬೇಕಾದ ಇತರ ಸಾಮಗ್ರಿಗಳನ್ನೂ ಒದಗಿಸುವಂತೆ ನಗರದ ಆಸಫನಿಗೆ ಅಪ್ಪಣೆಮಾಡಿದನು. ಶತ್ರುಗಳ ಪರಾಭವಕ್ಕಾಗಿ ಶತಚಂಡೀ ಸಹಸ್ರಚಂಡೀ ಜಪಗಳನ್ನು ನಡೆಸಬೇಕೆಂದೂ ಪ್ರಾರ್ಥಿಸಿಕೊಂಡನು. ಈ ಕಾಗದಗಳು ಕನ್ನಡದಲ್ಲಿವೆ. ಕವಿಚರಿತೆಯ ಕರ್ತೃಗಳಾದ ಆರ್. ನರಸಿಂಹಾಚಾರ್ಯರು ಮೈಸೂರಿನ ಪ್ರಾಚ್ಯವಸ್ತು ಇಲಾಖೆಯ ಮುಖ್ಯಸ್ಥರಾಗಿದ್ದಾಗ, 1916ರಲ್ಲಿ, ಮಠದ ಕಡತಗಳಲ್ಲಿ ಸುಮಾರು 30 ಕಾಗದಗಳನ್ನು ಕಂಡು ಬೆಳಕಿಗೆ ತಂದರು.

ಇದು ಭಕ್ತಿಯೋ ಯುಕ್ತಿಯೋ ಎಂದು ವಾದಿಸುವವರಿರುವರು. ಮೂರು ದಂಡುಗಳು ಮನೆಬಾಗಿಲಿಗೆ ಬಂದಿರುವಾಗ ಪ್ರಜೆಗಳ ಮನಸ್ಸನ್ನು ಹಿಡಿದಿಡುವುದು ರಾಜನಿಗೆ ಅಗತ್ಯವೆಂಬುದು ನಿಜ. ಆದರೆ ಕೆಳದಿಯ ಅರಸರೂ ಮೈಸೂರಿನ ಒಡೆಯರೂ ನಡೆಸಿಕೊಂಡು ಬಂದ ಮಠದ ಮರ್ಯಾದೆಯನ್ನು ಆತನು ಕಷ್ಟಕಾಲದಲ್ಲಿ ಬಿಡದೆ ನಡೆಸಿದನೆಂಬುದೂ ಅಷ್ಟೇ ನಿಜ. ಕೊಡಗಿನಲ್ಲಿ ಕ್ರೂರಿಯಾದವನೇ ಶೃಂಗೇರಿಯಲ್ಲಿ ರಕ್ಷಕನಾದನು. ಒಂದನ್ನು ಹೇಳಿ ಇನ್ನೊಂದನ್ನು ಬಿಡುವವರು ಚರಿತ್ರೆಯನ್ನು ಬರೆದಂತಾಗದು, ವಕಾಲತ್ತು ನಡೆಸಿದಂತಾಗುವುದು.

ಕಾರ್ನ್‌ವಾಲಿಸನು ಅರಕೆರೆಯ ಪಾಠವನ್ನು ಮರೆಯಲಿಲ್ಲ. ಮುಂದಿನ ತಿಂಗಳುಗಳಲ್ಲಿ ಆತನು ಎತ್ತುಗಳನ್ನು ಸಂಗ್ರಹಿಸಿದನು. ಕ್ಯಾಪ್ಟನ್ ರೀಡನ ಮೂಲಕ ಧಾನ್ಯ ಸಾಗಿಸುವ ಬಂಜಾರರನ್ನು ಒಪ್ಪಂದದಿಂದ ಗೊತ್ತುಮಾಡಿಕೊಂಡನು. ಅಕ್ಟೋಬರಿನಲ್ಲಿ ನಂದಿದುರ್ಗವನ್ನೂ ಡಿಸೆಂಬರಿನಲ್ಲಿ ಸಾವನದುರ್ಗವನ್ನೂ ಹಿಡಿದು ದಾರಿಯನ್ನು ನಿಷ್ಕಂಟಕ ಮಾಡಿಕೊಂಡನು. ಇತ್ತ ಪರಶುರಾಮ ಭಾವುವಾದರೋ ನಿಶ್ಚಯಿಸಿದಂತೆ ಶ್ರೀರಂಗಪಟ್ಟಣದ ಕಡೆಗೆ ನಡೆಯುವ ಬದಲು ಶಿವಮೊಗ್ಗೆಯ ಕಡೆಗೆ ತಿರುಗಿದನು. ಡಿಸೆಂಬರ್ 29ರಂದು ಕಾಡಿನೊಳಗೆ ಬೀಡುಬಿಟ್ಟಿದ್ದ ರಜಾ ಸಾಹೇಬನ ಪಡೆಯನ್ನು ಲಿಟ್ಲನ ಸಿಪಾಯಿಗಳು ಒಡೆದರು. ಜನವರಿಯ ಮೊದಲಲ್ಲಿ ಶಿವಮೊಗ್ಗೆ ಬಿದ್ದಿತು. ಭಾವುವು ಐಶ್ವರ್ಯದ ಆಸೆಯಿಂದ ಬಿದನೂರಿನತ್ತ ಮುಂದುವರಿದು, ಟಿಪ್ಪುವಿನ ದಂಡು ಬರುತ್ತಿರುವುದನ್ನು ತಿಳಿದು ಹಿಮ್ಮೆಟ್ಟಿದನು. ಮಲೆನಾಡು ಎರಡನೆಯ ಸೂರೆಯಿಂದ ಸ್ವಲ್ಪದರಲ್ಲಿ ತಪ್ಪಿಸಿಕೊಂಡಿತು.

1792ರ ಫೆಬ್ರವರಿ 6ರ ರಾತ್ರಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಹೊರಸಾಲನ್ನು ಭೇದಿಸಿದನು. ಮಾರ್ಚಿ ತಿಂಗಳ ಒಪ್ಪಂದದಿಂದ ಟಿಪ್ಪುವು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಕೊಡಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಿಕೊಟ್ಟನು. ಅರ್ಧ ಆದಾಯದಿಂದ ಇಡಿಯ ದಂಡನ್ನು ಸಾಕುವುದು ಅಸಾಧ್ಯ. 1799ರಲ್ಲಿ ಕುಂಪಣಿಯೂ ನಿಜಾಮನೂ ಕೂಡಿ ಸುಮಾರು 50,000 ಜನರ ದಂಡನ್ನು ತಂದಾಗ ಮೈಸೂರಿನ ಬಾಣದವರು ಸುಲ್ತಾನ್‌ಪೇಟೆಯ ತೋಪಿನಲ್ಲಿ ಒಂದು ರಾತ್ರಿ ಕರ್ನಲ್ ವೆಲ್ಲೆಸ್ಲಿಯನ್ನು ದಿಕ್ಕುಗೆಡಿಸಿದರಾದರೂ ಯುದ್ಧದ ಗತಿಯನ್ನು ತಿರುಗಿಸಲಾರದೆ ಹೋದರು. ಮೇ 4ರಂದು ಕೋಟೆಯ ಬಿರುಕಿನೊಳಗಿಂದ ಶತ್ರುಗಳು ನುಗ್ಗಿದಾಗ ಟಿಪ್ಪುವು ಸಾಮಾನ್ಯ ಸಿಪಾಯಿಯಂತೆ ಹೋರಾಡುತ್ತ ಮಡಿದನು. ಅಂದಿನ ರಾತ್ರಿ ಪಟ್ಟಣವು ಕೊಳ್ಳೆಹೋಯಿತು. ತರುವಾಯ ಅರಮನೆಯ ಸೊತ್ತನ್ನು ಹುದ್ದೆಗೆ ತಕ್ಕ ಪಾಲಿನಂತೆ ಹಂಚಲು ಒಂದು ಸಮಿತಿಯೇ ಕುಳಿತಿತು. ಸಿಂಹಾಸನವನ್ನೂ ತುಂಡುಮಾಡಿ ಹಂಚಿದರು. ಪಿಂಡಾರಿಯು ಪಾಲು ಕೊಟ್ಟು ಮಾಡಿದುದನ್ನು ಕುಂಪಣಿಯವರು ದಫ್ತರವಿಟ್ಟು ಮಾಡಿದರು.

ಸಂಬಳ ಕೊಡುವ ಬೊಕ್ಕಸವು ಮುಚ್ಚಿದ ಮೇಲೆ ಟಿಪ್ಪುವಿನ ದಂಡಿನವರಾದರೂ ಏನಾದರು? ಶ್ರೀರಂಗಪಟ್ಟಣದ ಸೆರೆಯಿಂದ ಬಿಡುಗಡೆಯಾದ ಚನ್ನಗಿರಿಯ ಧೋಂಡಿಯ ವಾಘನ ಸುತ್ತ ಅವರಲ್ಲಿ ಅನೇಕರು ಸೇರಿಕೊಂಡರು. ಬಿದನೂರು ಶಿವಮೊಗ್ಗೆಗಳ ಸೀಮೆಯು ಮತ್ತೆ ಕುದುರೆಯ ಗೊರಸಿಗೆ ಸಿಕ್ಕಿತು. 1800ರ ಸೆಪ್ಟೆಂಬರಿನಲ್ಲಿ ಧೋಂಡಿಯನು ಸಾಯುವವರೆಗೂ ಈ ಉಪದ್ರವ ಪೂರ್ತಿಯಾಗಿ ಅಡಗಲಿಲ್ಲ. ಕವಾಯಿತು ಕಲಿತ ಸಿಪಾಯಿಗೂ ಸೂರೆಗಾರನಿಗೂ ಇರುವ ಅಂತರವು ಕೆಲವು ತಿಂಗಳ ಸಂಬಳವೆಂಬುದನ್ನು ಮಲೆನಾಡು ಹೀಗೆ ಎರಡನೆಯ ಸಲ ಕಂಡುಕೊಂಡಿತು. ಪರಶುರಾಮ ಭಾವುವೂ ಟಿಪ್ಪುವು ಸತ್ತ ವರ್ಷವೇ, 1799ರ ಸೆಪ್ಟೆಂಬರಿನಲ್ಲಿ, ಕೊಲ್ಹಾಪುರದವರೊಡನೆ ನಡೆದ ಯುದ್ಧದಲ್ಲಿ ಮಡಿದನು.

ಶೃಂಗೇರಿಯಲ್ಲಿ ಪೂಜೆ ಮತ್ತೆ ನಡೆಯಿತು. ಸ್ವಾಮಿಗಳು 1814ರವರೆಗೆ ಪೀಠದಲ್ಲಿದ್ದರು. ಎಡೇಹಳ್ಳಿಯೆಂಬ ಹಳೆಯ ಹೆಸರನ್ನು ಬಿಟ್ಟು ನರಸಿಂಹರಾಜಪುರವಾದ ಊರಿನಲ್ಲಿಯೂ ಕೊಪ್ಪದಲ್ಲಿಯೂ ಇಂದಿನ ಜನರಿಗೆ ದಂಡು ಬಂದೀತೆಂಬ ಭಯವಿಲ್ಲ. ಆದರೂ ಅಧಿಕಾರದಲ್ಲಿರುವ ನಮ್ಮ ವಾಚಕರು ಮನಸ್ಸಿನಲ್ಲಿಡಬೇಕಾದ ಮಾತೊಂದು ಇಲ್ಲಿದೆ. ಆಯುಧವನ್ನು ಕೊಟ್ಟು ಅನ್ನವನ್ನು ಕೊಡದ ಸರ್ಕಾರವು, ಅಧಿಕಾರವನ್ನು ಕೊಟ್ಟು ಲೆಕ್ಕವನ್ನು ಕೇಳದ ಸರ್ಕಾರವು, ತನ್ನ ಖರ್ಚನ್ನು ಯಾರೋ ಅರಿಯದ ಊರಿನವರ ತಲೆಯ ಮೇಲೆ ಹೊರಿಸುತ್ತಿರುವುದು. ಆ ಊರಿನವರು ತನ್ನ ಧರ್ಮದವರೇ ಆಗಿರಬಹುದು, ಆ ಗುಡಿಯು ತಾನು ಕೈಮುಗಿಯುವ ಗುಡಿಯೇ ಆಗಿರಬಹುದು. ಶೃಂಗೇರಿಯ ಸೂರೆಯನ್ನು ಮತಗಳ ನಡುವಣ ವ್ಯಾಜ್ಯಕ್ಕೆ ಸಾಕ್ಷಿಯಾಗಿ ಕರೆಯುವವರು ಈ ಒಂದು ಅಂಶವನ್ನು ನಿಂತು ಯೋಚಿಸಲೆಂದು ನಾವು ಕೋರುವೆವು.